ಸಮವಸ್ತ್ರ ಕಳಚಿದ ಮೇಲೆ
ಸೇನೆಯಿಂದ ಮರಳಿದವರೆಂದರೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದಕ್ಕಷ್ಟೇ ಸರಿ ಎಂದು ನಮ್ಮ ಊರುಗಳು ತೀರ್ಮಾನಿಸಿಬಿಟ್ಟಿವೆ. ನನಗಿದು ನೋವಿನ ವಿಷಯ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನೇ ನೋಡಿ. ಮೇಷ್ಟ್ರ ಮಗ, ವಿಜಯಪುರದ ಸೈನಿಕ ಶಾಲೆಯ ಹುಡುಗ. 1971ರ ಯುದ್ಧ ಕಂಡವರು, ಮೂವತ್ತು ತುಂಬುವ ಮೊದಲೇ ಸೇನೆ ಬಿಟ್ಟರು. ಮನೆತನದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ. ನೀರಿಲ್ಲ, ಕರೆಂಟಿಲ್ಲ. ಅಲ್ಲೇ ಡೇರೆ ಹೊಡೆದು ಕೂತರು. ಆ ಡೇರೆಯೇ ನನ್ನ ಕಣ್ಣಿಗೆ ಕಟ್ಟಿದೆ. ಇಲ್ಲದ್ದರ ನಡುವೆ ಬದುಕುವುದನ್ನು, ಬೆಳಗಾದರೆ ಎದ್ದು ಕೆಲಸಕ್ಕೆ ಇಳಿಯುವುದನ್ನು ಪಲ್ಟನ್ನು ಕಲಿಸಿರದಿದ್ದರೆ ಅಲ್ಲಿ ತೆಂಗು ಏಳುತ್ತಿರಲಿಲ್ಲ, ರೇಷ್ಮೆ ಹುಳು ಗೂಡು ಕಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಅಗ್ಗದ ದರದ ವಿಮಾನಯಾನ ಕಂಪನಿ ಏರ್ ಡೆಕ್ಕನ್. ಏರ್ ಡೆಕ್ಕನ್ ಕೊನೆಗೆ ಕೈತಪ್ಪಿದ್ದೂ ನಿಜ. ಆದರೆ ಅಷ್ಟರಲ್ಲಿ ಸಾಮಾನ್ಯ ಜನ ವಿಮಾನ ಹತ್ತಿಯಾಗಿತ್ತು. ಈಗ ಸೈನಿಕರಾಗಿ ಸೇರುವ ಅಗ್ನಿವೀರರ ಸೇವೆ ನಾಲ್ಕೇ ವರ್ಷ. ಕಾಯಂ ಆಗುವವರು ಶೇ. 25ರಷ್ಟು ಮಾತ್ರ. ಉಳಿದ ಹುಡುಗರು ಟ್ರಂಕು ಹೊತ್ತು ಊರಿಗೆ ಬಂದಾಗ ದಯವಿಟ್ಟು ‘ಮುಂದೇನಪ್ಪಾ?’ ಎಂದು ಕಾಡಬೇಡಿ. ಕರೆದು ಕೂರಿಸಿ, ಅಲ್ಲಿ ಏನೇನು ಕಲಿತೆ ಎಂದು ಕೇಳಿ.