ಅರ್ಧ ಗಂಟೆಯ ಕೊಳವೆಯೂ ಮಾಲೂರಿನ ಪ್ಲಾಟ್‌ಫಾರಂ‌ೂ

ಬೆಂಗಳೂರಿನಿಂದ ಚೆನ್ನೈಗೆ ಅರ್ಧ ಗಂಟೆ ಎಂಬ ಮಾತು ನಮ್ಮ ಜಿಲ್ಲೆಯವರ ಕಿವಿಗೆ ಬಿದ್ದದ್ದು 2017ರಲ್ಲಿ. ಅಮೆರಿಕದ ಹೈಪರ್‌ಲೂಪ್ ಒನ್ ಕಂಪೆನಿ ಜಾಗತಿಕ ಸ್ಪರ್ಧೆ ನಡೆಸಿ ಹತ್ತು ಮಾರ್ಗಗಳನ್ನು ಆರಿಸಿತು. ಬೆಂಗಳೂರು-ಚೆನ್ನೈ ಅವುಗಳಲ್ಲೊಂದು. ಗಾಳಿ ಹೀರಿ ತೆಗೆದ ಕೊಳವೆ, ಅದರೊಳಗೆ ವಿಮಾನಕ್ಕಿಂತ ಜೋರಾಗಿ ತೇಲಿ ಹೋಗುವ ಡಬ್ಬಿ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದವರೂ ಇದೇ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು, ನಗರದ ನಡುವಿನಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿಯ ಅಧ್ಯಯನಕ್ಕೆ ಹೊರಟರು. 2023ರ ಕೊನೆಗೆ ಕಂಪೆನಿಯೇ ಬಾಗಿಲು ಹಾಕಿತು. ಮನುಷ್ಯರನ್ನು ಕೂರಿಸಿ ಅದು ತೋರಿಸಿದ ಸಾಧನೆಯೆಂದರೆ, 2020ರ ನವೆಂಬರಿನಲ್ಲಿ ನೆವಾಡಾದ ಮರುಭೂಮಿಯಲ್ಲಿ ತನ್ನದೇ ಇಬ್ಬರು ನೌಕರರನ್ನು 500 ಮೀಟರ್ ಕೊಳವೆಯಲ್ಲಿ ಗಂಟೆಗೆ 172 ಕಿ.ಮೀ. ವೇಗದಲ್ಲಿ ಓಡಿಸಿದ್ದು.

ಅಲ್ಲಿಗೆ ಚರ್ಚೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಐಐಟಿ ಮದ್ರಾಸ್ 422 ಮೀಟರಿನ ಪರೀಕ್ಷಾ ಕೊಳವೆ ಕಟ್ಟಿದೊಡನೆ ಅರ್ಧ ಗಂಟೆಯ ಕನಸು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು. 2026ರ ಕೇಂದ್ರ ಬಜೆಟ್ಟಿನಲ್ಲಿ ಬೆಂಗಳೂರು-ಚೆನ್ನೈ ಅತಿವೇಗದ ರೈಲಿನ ಹೆಸರೂ ಕೇಳಿಬಂತು. ಇದು ಆಗುವ ಮಾತೋ ಅಲ್ಲವೋ ಎಂದು ಎರಡು ಊರಿನ ಜನ ವಾದಿಸುತ್ತಿದ್ದಾರೆ. ನಡುವಿನ ಊರುಗಳಾದ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ನಾವು ಹೇಳುವವರೇ.

ನಮಗೆ ವಿಜ್ಞಾನದ ಮೇಲೆ ಮುನಿಸಿಲ್ಲ. ಐಐಟಿಯ ಹುಡುಗರು ಪ್ರಯೋಗ ಮಾಡಲಿ, 422 ಮೀಟರು 40 ಕಿಲೋಮೀಟರಾಗಲಿ. ಆದರೆ ಪ್ರಯೋಗಶಾಲೆಯ ಕೊಳವೆಯನ್ನು ತೋರಿಸಿ ನಾಳೆಯ ಟಿಕೇಟು ಮಾರುವವರ ಮೇಲೆ ನಮಗೆ ಮುನಿಸಿದೆ. ಅವರ ಲೆಕ್ಕವನ್ನೇ ಸ್ವಲ್ಪ ನೋಡೋಣ. ಈ ಹುಚ್ಚನ್ನು ಜಗತ್ತಿಗೆ ಹಚ್ಚಿದ ಎಲಾನ್ ಮಸ್ಕ್ 2013ರಲ್ಲಿ ಬಿಡುಗಡೆ ಮಾಡಿದ ಯೋಜನೆಯಲ್ಲಿ ಒಂದು ಡಬ್ಬಿಗೆ 28 ಜನ, ಗಂಟೆಗೆ ಒಂದು ದಿಕ್ಕಿಗೆ 840 ಜನ. ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ, ಟೇಕಲ್, ಮಾಲೂರಿನಲ್ಲಿ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಬರುವ ಒಂದೇ ಒಂದು ಗಾಡಿ ಅದಕ್ಕಿಂತ ಹೆಚ್ಚು ಜನರನ್ನು ಇಳಿಸುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಈ ಗಾಡಿಗಳಿಂದ. ಬಾಗಿಲಲ್ಲಿ ಜೋತುಬಿದ್ದು ಬರುವ ಆ ಜನರಿಗೆ ಬೇಕಾದದ್ದು ವೇಗವಲ್ಲ, ಇನ್ನೊಂದು ಗಾಡಿ.

ಇನ್ನು ಬಿಸಿಲು. ಉಕ್ಕು ಹಿಗ್ಗುವುದನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಓದುತ್ತಾರೆ. ಉಷ್ಣತೆ 30 ಡಿಗ್ರಿ ಏರಿದರೆ ಒಂದು ಕಿಲೋಮೀಟರ್ ಉಕ್ಕು ಸುಮಾರು 36 ಸೆಂಟಿಮೀಟರ್ ಬೆಳೆಯುತ್ತದೆ. ಚೆನ್ನೈವರೆಗಿನ 350 ಕಿಲೋಮೀಟರಿಗೆ ಇದು 120 ಮೀಟರಿಗೂ ಹೆಚ್ಚು. ರೈಲು ಹಳಿಯಾದರೆ ಬಿಗಿಯಾಗಿ ಕಟ್ಟಿಹಾಕಬಹುದು, ಸೇತುವೆಯಾದರೆ ಸಂದು ಬಿಡಬಹುದು. ಇಲ್ಲಿ ಪ್ರತಿ ಸಂದಿನಲ್ಲೂ ಗಾಳಿ ನುಸುಳದಂತೆ, ಹೊರಗಿನ ಒತ್ತಡದ ಸಾವಿರದಲ್ಲೊಂದು ಪಾಲು ಮಾತ್ರ ಒಳಗಿರುವಂತೆ, ವರ್ಷವಿಡೀ ಕಾಯಬೇಕು. ಅಸಾಧ್ಯ ಎಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಕಾಯುವ ಖರ್ಚು ಯಾರ ತಲೆಗೆ?

ಎಲ್ಲಕ್ಕಿಂತ ಮುಖ್ಯವಾದದ್ದು ನಿಲುಗಡೆ. ಗಂಟೆಗೆ 1000 ಕಿ.ಮೀ. ವೇಗದ ಡಬ್ಬಿಯನ್ನು ಕುಳಿತವರು ಮುಗ್ಗರಿಸದಂತೆ ನಿಲ್ಲಿಸಲು ಸುಮಾರು 19 ಕಿಲೋಮೀಟರ್ ಬೇಕು. ಮತ್ತೆ ಅದೇ ವೇಗಕ್ಕೇರಲು ಇನ್ನೂ 19. ಕೋಲಾರದಿಂದ ಮುಳಬಾಗಿಲಿಗೆ ಇರುವುದೇ 30 ಕಿಲೋಮೀಟರಿನ ಆಸುಪಾಸು. ಅಂದರೆ ಕೋಲಾರದಲ್ಲಿ ನಿಂತು ಮುಳಬಾಗಿಲಿನಲ್ಲೂ ನಿಂತರೆ ಆ ಯಂತ್ರ ತನ್ನ ಪೂರ್ಣ ವೇಗವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಅದು ನಿಲ್ಲುವುದಿಲ್ಲ. ಇದು ಯಾವ ಅಧಿಕಾರಿಯ ಕೆಟ್ಟತನವೂ ಅಲ್ಲ, ಆ ಯಂತ್ರದ ಹುಟ್ಟುಗುಣ. ಶ್ರೀನಿವಾಸಪುರದ ಮಾವು, ಕೋಲಾರ ಮಾರುಕಟ್ಟೆಯ ಟೊಮೇಟೊ ಕ್ರೇಟು, ಮುಳಬಾಗಿಲ ಹೈದರವಲಿ ದರ್ಗಾದ ಉರುಸಿಗೋ ಕುರುಡುಮಲೆ ಗಣಪತಿಗೋ ಹೊರಟ ಸಂಸಾರ, ಇವಾವುದಕ್ಕೂ ಅದರಲ್ಲಿ ಜಾಗವಿಲ್ಲ. ಅತಿವೇಗದ ರೈಲು ಇದಕ್ಕಿಂತ ಮೇಲು ಎಂಬುದನ್ನು ಒಪ್ಪುತ್ತೇವೆ, ಜಪಾನಿನಲ್ಲಿ ಅದು 1964ರಿಂದ ಓಡುತ್ತಿದೆ. ಆದರೆ ಅದರಲ್ಲೂ ನಮ್ಮ ಜಿಲ್ಲೆಗೆ ಒಂದು ನಿಲ್ದಾಣ ದಕ್ಕಿದರೆ ದೊಡ್ಡದು. ಮುಂಬಯಿ-ಅಹಮದಾಬಾದ್ ಬುಲೆಟ್ ರೈಲಿಗೆ 2017ರಲ್ಲಿ ಅಡಿಗಲ್ಲು ಹಾಕಿದಾಗ ಹೇಳಿದ ಗಡುವುಗಳು ದಾಟಿಹೋಗಿ ವರ್ಷಗಳಾದವು.

ಒಂದು ಮಾತನ್ನು ಕೆಲವರು ಜಾಣತನದಿಂದ ಎಸೆಯುತ್ತಾರೆ: ಹಿಂದೆ ಉಗಿಬಂಡಿ ಬಂದಾಗಲೂ ನಿಮ್ಮಂಥವರು ಹೀಗೇ ಗೊಣಗಿದ್ದರು ಎಂದು. ಸ್ವಾಮಿ, ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಉಗಿಬಂಡಿ ಬಂದದ್ದು 1864ರಲ್ಲಿ. ಆ ಹಳಿಯ ಮೇಲೆ ಓಡುವ ಗಾಡಿ ಮಾಲೂರಿನಲ್ಲಿ ಇಂದಿಗೂ ನಿಲ್ಲುತ್ತದೆ. 1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಬಂದ ಚಿಕ್ಕ ಹಳಿಯ ರೈಲು ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳಲ್ಲೆಲ್ಲ ನಿಂತು ನಿಂತು ಚಿಕ್ಕಬಳ್ಳಾಪುರಕ್ಕೆ ಹೋಯಿತು. ನಿಧಾನ ಎಂದು ಜನ ನಕ್ಕರು, ನಕ್ಕು ಅದರಲ್ಲೇ ಕುಳಿತರು. ನಿಲ್ಲುವ ಗಾಡಿಯನ್ನು ತೋರಿಸಿ ನಿಲ್ಲದ ಕೊಳವೆಯನ್ನು ಸಮರ್ಥಿಸುವುದು ಯಾವ ನ್ಯಾಯ?

ಬೆಂಗಳೂರಿನ ಕೊಳವೆ ನಮಗೆ ಹೊಸದೂ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಆ ನಗರದ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮೂರನೆಯ ಹಂತವೂ ಆಗಲಿ ಎಂದು ಇಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ಕೆರೆ ತುಂಬಿತು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು, ಅದನ್ನು ಮರೆಯುವ ಕೃತಘ್ನರು ನಾವಲ್ಲ. ಆದರೂ ನಮ್ಮ ತರಕಾರಿ, ಹಾಲು, ಮಾವು, ದುಡಿಯುವ ಕೈಗಳು ಅತ್ತ, ಅವರು ಬಳಸಿ ಬಿಟ್ಟ ನೀರು ಇತ್ತ ಎಂಬುದು ಸಂಬಂಧದ ಸ್ವರೂಪವನ್ನು ಹೇಳುತ್ತದೆ. ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್‌ವೇ ಕೂಡ ಮಾಲೂರು, ಬಂಗಾರಪೇಟೆಯ ಹೊಲಗಳನ್ನು ಸೀಳಿಕೊಂಡೇ ಸಾಗಿದೆ. ಹೊಲ ಕೊಟ್ಟವನ ಟ್ರ್ಯಾಕ್ಟರು ಅದರ ಮೇಲೆ ಹತ್ತುವಂತಿಲ್ಲ.

ಹಾಗಾದರೆ ಏನು ಕೇಳಬೇಕು? ಕಂಟೋನ್ಮೆಂಟಿನಿಂದ ವೈಟ್‌ಫೀಲ್ಡಿಗೆ ಇನ್ನೆರಡು ಹಳಿ ಹಾಕುವ ಕೆಲಸ, ಸುಮಾರು 25 ಕಿಲೋಮೀಟರಿನದು, ಎಷ್ಟು ವರ್ಷ ಎಳೆದಾಡಿತು ಎಂದು ಕೇಳಬೇಕು. ಮಾಲೂರಿನ ಗಾಡಿ ತಡವಾಗುವುದು ಅಲ್ಲಿ. ಕೋಲಾರ-ಚಿಕ್ಕಬಳ್ಳಾಪುರದ ಹಳಿಯನ್ನು 2013ರಲ್ಲಿ ಅಗಲ ಮಾಡಿದರು, ಅದರ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡಿಸುತ್ತೀರಿ ಎಂದು ಕೇಳಬೇಕು. ಶ್ರೀನಿವಾಸಪುರದಲ್ಲಿ ರೈಲ್ವೆ ಬೋಗಿ ಕಾರ್ಖಾನೆ ಎಂದು ಕಳೆದ ದಶಕದಲ್ಲಿ ಹೂಹಾರ ಹಾಕಿಸಿಕೊಂಡವರನ್ನು, ಬೋಗಿ ಎಲ್ಲಿ ಎಂದು ಕೇಳಬೇಕು. ಮುಳಬಾಗಿಲಿನಲ್ಲಂತೂ ರೈಲು ನಿಲ್ದಾಣವೇ ಇಲ್ಲ. ಮದನಪಲ್ಲಿ, ಮುಳಬಾಗಿಲು, ಕೋಲಾರದ ಮೇಲೆ ಬರಬೇಕಿದ್ದ ಕಡಪ-ಬೆಂಗಳೂರು ಮಾರ್ಗ ಮಂಜೂರಾದದ್ದು 2008-09ರಲ್ಲಿ. ಕಡಪದಿಂದ ಹೊರಟ ಹಳಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ನಡೆದು ಪೆಂಡ್ಲಿಮರ್ರಿಯಲ್ಲಿ ಕುಳಿತಿದೆ.