ಎಲುಬಿನ ಸಾಕ್ಷ್ಯ ಮತ್ತು ಅದರ ಮಿತಿ

ಧರ್ಮಸ್ಥಳದ ಪರಿಸರದಲ್ಲಿ ಅನೇಕ ಹೆಣಗಳನ್ನು ತಾನೇ ಹೂತಿದ್ದೆನೆಂದು ಹಿಂದಿನ ಶುಚಿಕಾರ್ಮಿಕನೊಬ್ಬನು 2025ರ ಜುಲೈಯಲ್ಲಿ ದೂರಿತ್ತುದೂ, ರಾಜ್ಯ ಸರಕಾರವು ವಿಶೇಷ ತನಿಖಾ ದಳವನ್ನು ನೇಮಿಸಿ ನೇತ್ರಾವತಿಯ ದಡದಲ್ಲಿ ನೆಲವನ್ನಗೆಸಿದುದೂ, ಅಸ್ಥಿಶೇಷಗಳು ದೊರೆತುದೂ, ಆಗಸ್ಟ್ 23ರಂದು ಆ ದೂರುದಾರನೇ ಬಂಧಿತನಾದುದೂ ವಾಚಕರಿಗೆ ವಿದಿತವೇ ಇದೆ. ಆ ವಿವಾದದ ಸತ್ಯಾಸತ್ಯಗಳ ನಿರ್ಣಯವು ನ್ಯಾಯಾಸ್ಥಾನಕ್ಕೆ ಸೇರಿದ್ದು. ಅದನ್ನು ನಾವು ಮುಟ್ಟುವುದಿಲ್ಲ. ಆದರೆ ಎಲುಬು ಸಿಕ್ಕಿದ ಮೇಲೆ, ಸತ್ತ ವರ್ಷವನ್ನು ಪ್ರಯೋಗಶಾಲೆಯವರು ಹೇಳಲಾರರೇ ಎಂದು ಅಂದು ಅನೇಕರು ಕೇಳಿದ ಪ್ರಶ್ನೆಯು ವಿಚಾರಾರ್ಹವಾದುದು.

ಹೇಳಬಲ್ಲರು, ಆದರೆ ಪಂಚಾಂಗ ನೋಡಿದಂತಲ್ಲ. ಮಾಂಸವು ಕರಗಿ ಎಲುಬು ಮಾತ್ರ ಉಳಿದಾಗ ವೈದ್ಯನ ಕಣ್ಣಳತೆಗೆ ಹೆಚ್ಚಿನ ಬೆಲೆಯಿಲ್ಲ. ಆಗ ಎಲುಬಿನೊಳಗಣ ರಸಾಯನವನ್ನೇ ವಿಚಾರಿಸಬೇಕಾಗುತ್ತದೆ. ಜೀವಂತ ಎಲುಬಿನಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸಿಟ್ರೇಟ್ ಎಂಬ ಲವಣವಿರುತ್ತದೆ. ನಮ್ಮ ನಿಂಬೆಹುಳಿಯ ಬಂಧುವೇ ಅದು. ಮರಣಾನಂತರ ಅದು ಕ್ರಮಕ್ರಮವಾಗಿ ಇಳಿಯುವುದನ್ನು ಕಂಡು, ಅದರಿಂದಲೇ ಕಾಲವನ್ನು ಅಳೆಯಬಹುದೆಂದು ಕೆನಡಾದ ಹೆನ್ರಿ ಶ್ವಾರ್ಟ್ಸ್ ಮತ್ತು ಸಂಗಡಿಗರು 2010ರಲ್ಲಿ ಸೂಚಿಸಿದರು. ತರುವಾಯ ಇತರರು ನಡೆಸಿದ ಪರೀಕ್ಷೆಗಳಲ್ಲಿ ಆ ಲೆಕ್ಕವು ಅಷ್ಟು ನಿಷ್ಕೃಷ್ಟವಾಗಿ ಹೊಂದಲಿಲ್ಲ. ರಕ್ತದ ಅಲ್ಪಾಂಶವಿದ್ದರೂ ಮಿನುಗುವ ಲ್ಯುಮಿನಾಲ್ ಪರೀಕ್ಷೆ, ಕೊಲಾಜೆನ್ ಮೊದಲಾದ ಸಸಾರಜನಕಗಳ ಶೈಥಿಲ್ಯವನ್ನು ಅಳೆಯುವ ಕ್ರಮ, ಇವೂ ಇವೆ. ಹೊಸ ಎಲುಬೋ ಬಹು ಹಳೆಯದೋ ಎಂಬುದಕ್ಕೆ ಇವು ನೆರವಾಗುತ್ತವೆ. ಹತ್ತು ವರ್ಷವೋ ಇಪ್ಪತ್ತು ವರ್ಷವೋ ಎಂದರೆ ತಡವರಿಸುತ್ತವೆ. ನೆಲವೂ ಸುಮ್ಮನಿರುವುದಿಲ್ಲ. ಕರಾವಳಿಯ ಹುಳಿಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಲ್ಲಿ ನೆನೆದ ಎಲುಬೂ ಒಣ ಬಯಲುಸೀಮೆಯ ಎಲುಬೂ ಒಂದೇ ವೇಗದಲ್ಲಿ ಸವೆಯುವುದು ಹೇಗೆ ಸಾಧ್ಯ?

ಇವೆಲ್ಲಕ್ಕಿಂತ ದೃಢವಾದ ಗುರುತನ್ನು ಮನುಷ್ಯನ ಒಂದು ದುಷ್ಕೃತ್ಯವೇ ಒದಗಿಸಿದೆ. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಾಯುವಿನ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದ ಬಳಿಕ ಮೆಲ್ಲಮೆಲ್ಲನೆ ಇಳಿಯತೊಡಗಿತು. ಅನ್ನದ ಮೂಲಕ ಅದು ಎಲ್ಲರ ದೇಹವನ್ನೂ ಹೊಕ್ಕಿತು. ಹಲ್ಲಿನ ದಂತಕವಚವು ಬಾಲ್ಯದಲ್ಲಿಯೇ ಗಟ್ಟಿಯಾಗುವುದರಿಂದ ಹುಟ್ಟಿದ ವರ್ಷವನ್ನು ಒಂದೆರಡು ವರ್ಷಗಳ ಅಂತರದಲ್ಲಿ ತಿಳಿಸಬಲ್ಲುದು. ಎಲುಬಾದರೋ ಜೀವಮಾನವಿಡೀ ನಿಧಾನವಾಗಿ ನವೀಕರಣಗೊಳ್ಳುವಂಥದು, ಆದುದರಿಂದ ಮರಣದ ವರ್ಷವನ್ನು ಮಸುಕಾಗಿಯೇ ತೋರಿಸುತ್ತದೆ.

ಪಂಜಾಬದ ಅಜ್ನಾಲಾದ ಪ್ರಸಂಗವು ಇಲ್ಲಿ ಬೋಧಪ್ರದವಾಗಿದೆ. 2014ರಲ್ಲಿ ಅಲ್ಲಿಯ ಹಾಳುಬಾವಿಯೊಂದರಿಂದ ರಾಶಿರಾಶಿ ಅಸ್ಥಿಗಳು ಹೊರಬಂದವು. 1857ರಲ್ಲಿ ಆಂಗ್ಲ ಅಧಿಕಾರಿಯು ಕೊಲ್ಲಿಸಿದ ಸಿಪಾಯಿಗಳವೆಂದು ಕೆಲವರು, 1947ರ ವಿಭಜನೆಯಲ್ಲಿ ಮಡಿದವರವೆಂದು ಕೆಲವರು ವಾದಿಸಿದರು. ತೊಂಬತ್ತು ವರ್ಷಗಳ ವ್ಯತ್ಯಾಸ! ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಸೇರಿ ಹಲ್ಲುಗಳ ಡಿಎನ್‌ಎ ಹಾಗೂ ಸಮಸ್ಥಾನಿಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸತ್ತವರು ಪಂಜಾಬಿಗಳಲ್ಲ, ಗಂಗಾ ಬಯಲಿನಿಂದ ಬಂದವರು. ಬಂಗಾಳ ಸೈನ್ಯದ 26ನೆಯ ದಳದ ಲಿಖಿತ ವೃತ್ತಾಂತಕ್ಕೆ ಅದು ಹೊಂದಿಕೊಂಡಿತು. ಗಮನಿಸಬೇಕಾದುದೇನೆಂದರೆ, ಅಲ್ಲಿ ಕಾಲದ ತಗಾದೆಯನ್ನು ಬಗೆಹರಿಸಲು ನೆರವಾದುದು ಹುಟ್ಟಿದೂರಿನ ಗುರುತು. ಮತ್ತು ಅದನ್ನು ಹೋಲಿಸಿ ನೋಡಲು ಒಂದು ಬರಹವಿತ್ತು.

ನಮ್ಮ ಚಿಂತೆಯಿರುವುದು ಇಲ್ಲಿಯೇ. ಪ್ರಯೋಗಶಾಲೆಯು ‘ಹದಿನೈದರಿಂದ ಮೂವತ್ತು ವರ್ಷಗಳ ಹಿಂದೆ’ ಎಂದು ಹೇಳಿದರೆ, ಆ ಅವಧಿಯಲ್ಲಿ ಕಾಣೆಯಾದವರ ಪಟ್ಟಿಯು ಯಾರಲ್ಲಿದೆ? ಹದಿಮೂರರ ವಯಸ್ಸಿನಲ್ಲಿ ಮನೆಯವರಿಗೆ ಹೇಳದೆ ಬಸ್ಸು ಹತ್ತಿ ಹೋಟೆಲಿಗೆ ಸೇರಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಲ್ಲಿ ಬಹುಮಂದಿ ಕಾಗದ ಬರೆದರು, ಹಣ ಕಳುಹಿಸಿದರು. ಬರೆಯದವರೂ ಇದ್ದರು. ‘ಮುಂಬಯಿಯಲ್ಲೆಲ್ಲೋ ಇದ್ದಾನೆ’ ಎಂದುಕೊಂಡು ಠಾಣೆಗೆ ಹೋಗದೆಯೇ ಉಳಿದ ತಾಯಂದಿರು ಎಷ್ಟು ಜನರೋ! ಡಿಎನ್‌ಎ ಹೋಲಿಕೆಗೆ ರಕ್ತಸಂಬಂಧಿಯೊಬ್ಬನು ಮುಂದೆ ಬರಬೇಕು. ಅವನು ಮುಂದೆ ಬರಬೇಕಾದರೆ ಹೆಸರೂ ತಾರೀಖೂ ಇರುವ ದೂರೊಂದು ಎಲ್ಲಿಯಾದರೂ ದಾಖಲಾಗಿರಬೇಕು. ಎಷ್ಟು ವರ್ಷ ಕಳೆದಿದ್ದರೂ ಅಂಥ ದೂರನ್ನು ಇಂದೂ ಕೊಡಬಹುದು; ಊರಿಗೆ ಹೋದಾಗ ನೆರೆಮನೆಯಲ್ಲಿ ಅಂಥವರಿದ್ದರೆ ಅವರೊಡನೆ ಠಾಣೆಯವರೆಗೆ ಹೋಗಿಬನ್ನಿ.