ಮುದ್ದಿನ ಹೆಸರು ಹೊಸಿಲು ದಾಟಿದಾಗ

ನಿಮ್ಮ ಮನೆಯಲ್ಲೂ ಒಬ್ಬ ಬಾಬು, ಒಬ್ಬಳು ಪುಟ್ಟಿ ಇದ್ದೇ ಇರುತ್ತಾರೆ. ಶಾಲೆಯ ದಾಖಲೆಯಲ್ಲಿರುವುದು ಬೇರೆ, ಅಡುಗೆಮನೆಯಿಂದ ಕೂಗುವುದು ಬೇರೆ. ಬಾಬು ವಕೀಲನಾದ ಮೇಲೆ ಬಾಗಿಲ ಫಲಕದಲ್ಲಿ ಯಾವುದನ್ನು ಬರೆಸಬೇಕು?

ಡಾ. ರಾಜ್‌ಕುಮಾರ್ ಮನೆತನದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ತಂದೆ ಹುಟ್ಟಿದ್ದು 1929ರಲ್ಲಿ, ಗಾಜನೂರಿನಲ್ಲಿ. ಅವಿನಾಶಿಯಂತೆ ಆ ಊರೂ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೆತ್ತವರಿಟ್ಟ ಹೆಸರು ಮುತ್ತುರಾಜ. 1954ರ ‘ಬೇಡರ ಕಣ್ಣಪ್ಪ’ದಿಂದ ಅವರು ರಾಜ್‌ಕುಮಾರ್, ಮುತ್ತುರಾಜ ಮನೆಯೊಳಗೇ ಉಳಿದ. ಮಗನದು ಇದರ ತಿರುಗುಮುರುಗು. ಬಾಲನಟನಾಗಿದ್ದಾಗ ಮಾಸ್ಟರ್ ಲೋಹಿತ್, ಆಮೇಲೆ ಪುನೀತ್, ಮನೆಯಲ್ಲಿ ಮಾತ್ರ ಅಪ್ಪು. 2002ರಲ್ಲಿ ನಾಯಕನಾದ ಮೊದಲ ಚಿತ್ರಕ್ಕೆ ‘ಅಪ್ಪು’ ಎಂದೇ ಹೆಸರಾಯಿತು. ಆಗ ಅವರಿಗೆ 27 ವರ್ಷ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ, ನೇರವಾಗಿ ಒಮ್ಮೆಯೂ ನೋಡದವರು ಕೂಡ ಮನೆಮಗನನ್ನು ಕಳೆದುಕೊಂಡಂತೆ ಅತ್ತರು.

ಆದರೆ ಆ ಹೆಸರನ್ನು ಬೀದಿಗೆ ತಂದವರು ಮನೆಯವರೇ. ಚಿತ್ರ ತಯಾರಿಸಿದ್ದು ತಾಯಿ ಪಾರ್ವತಮ್ಮನವರು. ನಮ್ಮ ಕಚೇರಿಗಳಲ್ಲಿ ಹಾಗಲ್ಲ. ಊರಿನವರೊಬ್ಬರು ಬಂದು ನಲವತ್ತು ದಾಟಿದ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೆದುರು ‘ಏ ಪುಟ್ಟಿ’ ಎಂದರೆ ಸಾಕು, ಮರುದಿನ ಸಿಬ್ಬಂದಿ ಕೊಠಡಿಯಲ್ಲಿ ಅದೇ ಮಾತು. ಗಂಡಸಾದರೆ ನಕ್ಕು ಮುಂದೆ ಹೋದಾನು. ಹೆಂಗಸಿಗೆ ‘ಮೇಡಂ’ ಎನ್ನಿಸಿಕೊಳ್ಳಲು ಹಿಡಿದ ವರ್ಷಗಳು ಒಂದು ಕೂಗಿಗೆ ಸವೆಯುತ್ತವೆ. ಅವಳೇ ಇಷ್ಟಪಟ್ಟು ಫಲಕದಲ್ಲಿ ಬರೆಸಿಕೊಂಡರೆ ಬೇರೆ ಮಾತು.

ಅಂದ ಹಾಗೆ, ಅಮ್ಮಂದಿರಿಗೆ ಇದು ಅನ್ವಯಿಸದು. ಅವರು ಫೋನಿನಲ್ಲಿ ಹೇಗೆ ಕರೆದರೂ, ಪಕ್ಕದ ಮೇಜಿನವರಿಗೆ ಕೇಳಿಸಿದರೂ, ಓಗೊಡಲೇಬೇಕು.